ಪರದೆಗೆ ಬೆನ್ನು ಹಾಕಿ ಕೂತವಳು

ಸಿನಿಮಾ ನೋಡುವವರೆಲ್ಲ ಪರದೆಗೆ ಮುಖ ಮಾಡಿ ಕೂರುತ್ತಾರೆ. ನಮ್ಮ ಎನಿಡ್ ಹೆಪಲ್ ಬೆನ್ನು ಹಾಕಿ ಕೂರುತ್ತಿದ್ದಳು.

ಇಂಗ್ಲೆಂಡಿನ ನಾರ್ತ್ ಶೀಲ್ಡ್ಸ್ ಬಂದರಿನಲ್ಲಿ, ಹಿಂದೆ ಬಲೆ ಇಡುತ್ತಿದ್ದ ಗೋದಾಮಿನ ಅಟ್ಟದ ಮೇಲೆ ನಮ್ಮ ಚಿತ್ರ ಕಾರ್ಯಾಗಾರವಿತ್ತು. ನಾನು ಅಲ್ಲಿ ಸಂಕಲನಕಾರ. ಅದನ್ನು ನಡೆಸುತ್ತಿದ್ದವಳು ಎನಿಡ್. ತನ್ನದು ಅಂತ ಒಂದು ಚಿತ್ರವನ್ನೂ ಆಕೆ ಮಾಡಲಿಲ್ಲ. ಕಥೆ ಹೊತ್ತು ತಂದವರನ್ನು ಕೂರಿಸಿ, ಟೀ ಕೊಟ್ಟು, "ಬರೆದಿದ್ದು ಬೇಡ, ಬಾಯಲ್ಲಿ ಹೇಳು" ಅನ್ನುವುದು, ಅವರಿಗೆ ಕ್ಯಾಮೆರಾ ಹೊಂದಿಸುವುದು, ಲಂಡನ್ನಿನ ಟಿವಿಯವರ ಜೊತೆ ಫೋನಿನಲ್ಲಿ ಜಗಳ ಕಾಯುವುದು, ಅಳುವ ನಿರ್ದೇಶಕರಿಗೆ ಸೂಪು ಕುಡಿಸುವುದು, ಇದೇ ಅವಳ ಬದುಕು. ಚಿತ್ರದ ಕೊನೆಯಲ್ಲಿ ಅವಳ ಹೆಸರು ಕೃತಜ್ಞತೆಯ ಸಾಲಿನಲ್ಲಿ, ಮೀನು ಕರಿಯುವ ಅಂಗಡಿಯ ಹೆಸರಿನ ಪಕ್ಕದಲ್ಲಿ ಬರುತ್ತಿತ್ತು.

ಒಂದು ಕಟ್ಟಳೆ ಮಾತ್ರ ಅವಳದೇ. ಚಿತ್ರದಲ್ಲಿ ಯಾರ್‍ಯಾರು ಇದ್ದಾರೋ ಅವರು ಲೋಕಕ್ಕಿಂತ ಮೊದಲು ಅದನ್ನು ನೋಡಬೇಕು. ಒಬ್ಬರು "ಬೇಡ" ಅಂದರೂ ಆ ತುಂಡಿಗೆ ಕತ್ತರಿ. ಭಾನುವಾರ ಮಧ್ಯಾಹ್ನ ಅವರನ್ನೆಲ್ಲ ಕರೆದು ಹ್ಯಾಮು, ಬ್ರೆಡ್ಡು, ಟೀ ಕೊಟ್ಟು ತೋರಿಸುತ್ತಿದ್ದೆವು. ಎನಿಡ್ ಪರದೆಯ ಕೆಳಗೆ ಕುರ್ಚಿ ಹಾಕಿಕೊಂಡು ಜನರ ಕಡೆ ತಿರುಗಿ ಕೂರುತ್ತಿದ್ದಳು. ಮೊದಲ ಸಲ ನೋಡಿದಾಗ ಇವಳಿಗೇನು ತಲೆ ಕೆಟ್ಟಿದೆಯೇ ಅಂದುಕೊಂಡಿದ್ದೆ.

ಒಂದು ಚಳಿಗಾಲ ಕೀರನ್ ಡಾಡ್ಸ್ ಅನ್ನುವ ಹುಡುಗನ ಮೊದಲ ಚಿತ್ರ ಮುಗಿಯುತ್ತಾ ಬಂದಿತ್ತು. ಮೀನು ಹಡಗಿನವರ ಹೆಂಡಂದಿರ ಬಗ್ಗೆ. ಅದರಲ್ಲಿ ಹಿಲ್ಡಾ ರಟರ್ ಅನ್ನುವ ಮುದುಕಿ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತಾ, ಸಮುದ್ರದಿಂದ ವಾಪಸು ಬಾರದ ಗಂಡ ಆಲ್ಫ್‌ನ ಮಾತೆತ್ತುತ್ತಾಳೆ. ಮಾತಾಡುತ್ತಾ ಆಡುತ್ತಾ ಚಾಕು ನಿಂತುಹೋಗುತ್ತದೆ. ಲಂಡನ್ನಿನ ಟಿವಿಯವನು ಆ ತುಂಡೊಂದನ್ನೇ ನೋಡಿ, "ಇದಿದ್ದರೆ ದೇಶಕ್ಕೆಲ್ಲ ತೋರಿಸ್ತೀವಿ, ಇಲ್ಲದಿದ್ರೆ ಬೇಡ" ಅಂದಿದ್ದ. ಕೀರನ್‌ನ ಭವಿಷ್ಯವೆಲ್ಲ ಆ ಚಾಕುವಿನ ಮೇಲೆ ನಿಂತಿತ್ತು.

ಭಾನುವಾರ ಹಿಲ್ಡಾ ಮುಂದಿನ ಸಾಲಿನಲ್ಲಿ ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಚಿತ್ರ ಮುಗಿಯಿತು, ಚಪ್ಪಾಳೆ ಬಿತ್ತು.

"ಹಿಲ್ಡಾ, ನೀವೇನಂತೀರಿ?" ಎನಿಡ್ ಕೇಳಿದಳು.

"ಚೆನ್ನಾಗಿದೆ ಕಣಮ್ಮ. ಪರದೆ ತುಂಬ ನನ್ನ ಮೂಗೇ ಇದೆ, ಅಷ್ಟೇ."

ಎಲ್ಲರೂ ನಕ್ಕರು. ಕೀರನ್‌ಗೆ ಹೋದ ಜೀವ ಬಂತು. ಜನ ಹೋದ ಮೇಲೆ ಟೀ ಕಪ್ಪು ತೊಳೆಯುತ್ತಾ ಎನಿಡ್ ಅಂದಳು, "ಆ ಆಲೂಗಡ್ಡೆ ಸುಲಿಯೋ ತುಂಡು ತೆಗೀಬೇಕಾಗುತ್ತೆ ಕಣೋ."

"ಯಾಕೆ? ಅವರೇ ಚೆನ್ನಾಗಿದೆ ಅಂದ್ರಲ್ಲ" ಅಂದ ಕೀರನ್.

"ಬಾಯಲ್ಲಿ ಅಂದ್ರು."

"ನೀನು ಪರದೇನೇ ನೋಡ್ಲಿಲ್ಲ, ನಿನಗೇನು ಗೊತ್ತು?"

"ನೋಡ್ಲಿಲ್ಲ, ಅದಕ್ಕೇ ಗೊತ್ತಾಯ್ತು. ಆ ತುಂಡು ಬಂದಾಗ ಎಲ್ಲರೂ ಪರದೆ ನೋಡ್ತಿದ್ರು. ಹಿಲ್ಡಾ ಅಕ್ಕಪಕ್ಕದವರ ಮುಖ ನೋಡ್ತಿದ್ರು. ಇವರಿಗೇನಾದ್ರೂ ಕಂಡುಬಿಡ್ತೇನೋ ಅನ್ನೋ ಹಾಗೆ."

ಮರುದಿನ ಮೂವರೂ ಹಿಲ್ಡಾ ಮನೆಗೆ ಹೋದೆವು. ಆಕೆ ಟೀ ಕೊಟ್ಟರು, ಮಳೆಯನ್ನು ಬೈದರು, ಪಕ್ಕದ ಮನೆಯ ನಾಯಿಯನ್ನು ಬೈದರು. ಎನಿಡ್ ಇನ್ನೊಂದು ಕಪ್ಪು ಟೀ ಬಗ್ಗಿಸಿಕೊಂಡು ಕೂತಳು. ಕೊನೆಗೆ ಹಿಲ್ಡಾ ಗದ್ದದಲ್ಲೇ ಅಡುಗೆಮನೆಯ ಬಾಗಿಲ ಕಡೆ ತೋರಿಸಿದರು. ಅದರ ಹಿಂದೆ ಗಂಡಸಿನ ದಪ್ಪ ಕಪ್ಪು ಕೋಟೊಂದು ನೇತಾಡುತ್ತಿತ್ತು.

"ಆಲ್ಫ್ ಬಟ್ಟೆಯೆಲ್ಲ ಚರ್ಚಿಗೆ ಕೊಟ್ಟೆ ಅಂತ ಬೀದಿಗೆಲ್ಲ ಹೇಳಿದೀನಿ. ಇದನ್ನ ಕೊಡಕ್ಕಾಗಲಿಲ್ಲ. ಚಿತ್ರದಲ್ಲಿ ನನ್ನ ಹಿಂದೆ ಕಾಣುತ್ತೆ. ಮುದುಕಿಗೆ ಇನ್ನೂ ಗಂಡನ ಹುಚ್ಚು ಬಿಟ್ಟಿಲ್ಲ ಅಂತ ಆಡ್ಕೋತಾರೆ."

"ಮತ್ತೆ ನಿನ್ನೆ ಹೇಳಬಹುದಿತ್ತಲ್ಲ?" ಕೀರನ್ ಕೇಳಿದ.

"ನೀನು ಅಷ್ಟು ಕಷ್ಟಪಟ್ಟಿದೀಯಲ್ಲಪ್ಪ."

ಆ ತುಂಡನ್ನು ಕತ್ತರಿಸಿ ಅಂಟಿಸಿದವನು ನಾನು. ಎಷ್ಟು ಸಲ ನೋಡಿದ್ದೆನೋ ಲೆಕ್ಕವಿಲ್ಲ. ಆ ಕೋಟನ್ನು ನೆರಳು ಅಂದುಕೊಂಡಿದ್ದೆ. ಬೆನ್ನು ಹಾಕಿ ಕೂತವಳಿಗೆ ಅದರ ಸುಳಿವು ದಕ್ಕಿತಲ್ಲ! ಇವತ್ತಿಗೂ ಆ ಬೆರಗು ಇಳಿದಿಲ್ಲ.

ಬೀದಿಗೆ ಬಂದಮೇಲೆ ಕೀರನ್ ಕೂಗಾಡಿದ. "ಲಂಡನ್ನಿನವರು ಕೈಬಿಡ್ತಾರೆ, ನಾನು ಮುಗಿದೆ."

"ಬಿಡಲಿ. ಲಂಡನ್ನಿನವರು ನಾಳೆ ಬೆಳಗ್ಗೆ ಈ ಬೀದೀಲಿ ಹಾಲು ತರೋಕೆ ಹೋಗಲ್ಲ. ಹಿಲ್ಡಾ ಹೋಗಬೇಕು" ಅಂದಳು ಎನಿಡ್.

ಮಾತನ್ನು ಉಳಿಸಿ ದೃಶ್ಯವನ್ನು ತೆಗೆದೆ. ಖಾಲಿ ಬಂದರಿನ ನೀರಿನ ಮೇಲೆ ಹಿಲ್ಡಾ ದನಿ ಮಾತ್ರ. ಲಂಡನ್ನಿನವನು ನಿಜಕ್ಕೂ ಕೈಬಿಟ್ಟ. ಎನಿಡ್ ಊರೂರಿಗೆ ಫೋನು ತಿರುಗಿಸಿ, ಬಯ್ದು, ಬೇಡಿ, ಕಡೆಗೆ ನಮ್ಮೂರ ನಾವಿಕರ ಸಭಾಂಗಣ ಒಂದನ್ನೇ ಗಿಟ್ಟಿಸಿದಳು.

ಅಲ್ಲಿ ಚಿತ್ರ ತೋರಿಸಿದ ಸಂಜೆ ಹಿಲ್ಡಾ ಆಲ್ಫ್‌ನ ಕೋಟು ಹಾಕಿಕೊಂಡು ಬಂದರು. ತೋಳು ಮಡಚಿದ್ದರೂ ಬೆರಳು ಮುಚ್ಚುತ್ತಿತ್ತು.

"ಅದು ಆಲ್ಫ್‌ದಲ್ವೇನೆ?" ನೆರೆಮನೆಯವಳು ಕೇಳಿಯೇಬಿಟ್ಟಳು.

"ಹೂಂ. ಕೊಡಲಿಲ್ಲ" ಅಂದು ಹಿಲ್ಡಾ ಮುಂದಿನ ಸಾಲಿನಲ್ಲಿ ಕೂತರು. ನೆರೆಯವಳು ಆ ತೋಳನ್ನು ಸವರಿ, ಪಕ್ಕದಲ್ಲೇ ಕೂತಳು. ಯಾರೂ ಆಡಿಕೊಳ್ಳಲಿಲ್ಲ.

ಚಿತ್ರ ಮುಗಿದ ಮೇಲೆ ಕೀರನ್ ಎನಿಡ್ ಹತ್ತಿರ ಓಡಿಬಂದ. "ಈಗ ಎಲ್ಲರಿಗೂ ಗೊತ್ತಾಯ್ತಲ್ಲ. ಆ ತುಂಡು ವಾಪಸ್ ಹಾಕಿದ್ರೆ ಲಂಡನ್ನಿನವರು ತಗೋತಾರೆ."

"ಹೋಗಿ ಹಿಲ್ಡಾ ಅವರನ್ನೇ ಕೇಳು" ಅಂದಳು.

ಅವನು ಹೋಗಿ ಹಿಲ್ಡಾ ಎದುರು ನಿಂತ. ಆ ಮುಖವನ್ನೇ ಬಹಳ ಹೊತ್ತು ನೋಡಿದ. ಮಡಚಿಕೊಂಡಿದ್ದ ಕೋಟಿನ ಕಾಲರ್ ಸರಿಮಾಡಿ, ಏನೂ ಕೇಳದೆ ವಾಪಸು ಬಂದ.

ಅವನ ಮುಂದಿನ ಚಿತ್ರವನ್ನು ಊರವರಿಗೆ ತೋರಿಸಿದ ಭಾನುವಾರ ಪರದೆಯ ಕೆಳಗೆ, ಜನರ ಕಡೆ ತಿರುಗಿಸಿದ ಎರಡು ಕುರ್ಚಿಗಳಿದ್ದವು.