ಚೀಲದ ಬಾಯಿಯ ಗಂಟು

ದೆವ್ವ, ಪ್ರೇತ ಎಂದು ಯಾರಾದರೂ ಬಾಯಿ ತೆರೆದರೆ ನಾನು ಎದ್ದು ಹೋಗುತ್ತಿದ್ದವನು. ಈಗಲೂ ನಂಬುತ್ತೇನೆ ಎಂದು ಹೇಳಲಾರೆ. ಆದರೆ ಎಂಬತ್ತರ ದಶಕದಲ್ಲಿ, ಬಹ್ರೇನಿನಲ್ಲಿ ಡ್ರೈವರ್ ಆಗಿದ್ದಾಗ ನಡೆದ ಈ ಒಂದು ಸಂಗತಿಯನ್ನು ನಗುತ್ತಾ ಹೇಳಲು ನನ್ನಿಂದ ಇವತ್ತಿಗೂ ಆಗಿಲ್ಲ.

ನಮ್ಮ ಅರಬಾಬ್, ಅಂದರೆ ನನ್ನ ಪಾಸ್‌ಪೋರ್ಟ್ ತನ್ನಲ್ಲೇ ಇಟ್ಟುಕೊಂಡಿದ್ದ ಯಜಮಾನ, ವಿದೇಶದಿಂದ ಬಂದ ಒಬ್ಬ ಪ್ರೊಫೆಸರರಿಗೆ ನನ್ನನ್ನೂ ಕಾರನ್ನೂ ಕೆಲವು ವಾರ ಬಿಟ್ಟುಕೊಟ್ಟ. ಮರಳುಗಾಡಿನ ಮುಳ್ಳುಬಾಲದ ಹಲ್ಲಿಗಳ ಮೇಲೆ ಅವರ ಸಂಶೋಧನೆ. ದಿನಾ ಹಳೇ ಕಾಲದ ಗೋರಿದಿಬ್ಬಗಳ ಹತ್ತಿರ ಕಾರು ನಿಲ್ಲಿಸಿ, ಕುಣಿಕೆ ಹಿಡಿದು ಬಿಲ ಹುಡುಕುತ್ತಾ ಹೋಗುವರು. ಜೀವಂತ ಹಲ್ಲಿಗಳ ಚೀಲಗಳನ್ನು ನನ್ನ ಕೈಗೇ ಕೊಡುವರು. ಒಂದು ಕ್ಯಾನ್ವಾಸ್ ಚೀಲವನ್ನು ಮಾತ್ರ ಮುಟ್ಟಲು ಬಿಡುತ್ತಿರಲಿಲ್ಲ. ಆ ಗೋರಿಗಳಿಂದ ಮಣಿ, ಮಡಕೆ ಕದ್ದು ಸಾಗಿಸುವವರಿದ್ದಾರೆ ಎಂಬ ಮಾತು ಕಿವಿಗೆ ಬಿದ್ದಿತ್ತು. ನಾನೋ ಮೊದಲೇ ಸಂಶಯ ಪಿಶಾಚಿ.

ಉಮ್ ಅಲ್ ಹಸ್ಸಮ್‌ನ ನಮ್ಮ ರೂಮಿನಲ್ಲಿದ್ದ ಉಳ್ಳಾಲದ ಇಬ್ರಾಹಿಂ ಇನ್ನಷ್ಟು ಹೆದರಿಸಿದ. “ಅವನಿಗೆಂತ ಮಾರಾಯ, ನಾಳೆ ವಿಮಾನ ಹತ್ತಿ ಹೋಗ್ತಾನೆ. ಒಳಗೆ ಹೋಗೂದು ಗಾಡಿ ಓಡ್ಸಿದ ನೀನು. ಒಮ್ಮೆ ಬಿಚ್ಚಿ ನೋಡು.”

ಮರುದಿನ, ವಿಮಾನ ಹತ್ತುವ ಮೊದಲು, ಪ್ರೊಫೆಸರರು ಕೊನೆಯ ಸಲ ದಿಬ್ಬದಾಚೆ ಇಳಿದದ್ದೇ ತಡ, ಡಿಕ್ಕಿ ತೆರೆದೆ. ಚೀಲದ ಬಾಯಿಗೆ ಬಿಗಿದಿದ್ದ ಗಂಟು ನೋಡಿ ನನ್ನ ಕೈ ಅಲ್ಲೇ ನಿಂತಿತು. ಅದು ನನ್ನ ಅಪ್ಪ ಹಾಕುವ ಗಂಟು.

ಅಪ್ಪ ಮಲ್ಪೆಯಲ್ಲಿ ಮೀನು ಹಿಡಿಯುತ್ತಿದ್ದರು. ಬಲಗೈಯ ಹೆಬ್ಬೆರಳು ಹಗ್ಗಕ್ಕೆ ಸಿಕ್ಕಿ ತುಂಡಾಗಿದ್ದರಿಂದ ಎಡಗೈಯಲ್ಲಿ ಉಲ್ಟಾ ಸುತ್ತಿ, ತುದಿಯನ್ನು ಒಳಗೆ ಸಿಕ್ಕಿಸಿ ಬಲೆಯ ಬಾಯಿ ಕಟ್ಟುವರು. ದೋಣಿಯಲ್ಲಿ ಬೇರೆ ಯಾರಿಗೂ ಅದು ಬರುತ್ತಿರಲಿಲ್ಲ. ಬಿಚ್ಚುವುದನ್ನು ನನಗೆ ಕಲಿಸಿದ್ದರು, ಕಟ್ಟುವುದನ್ನು ಕಲಿಸುವ ಮೊದಲೇ ಕಡಲಿಗೆ ಹೋದವರು ತಿರುಗಿ ಬರಲಿಲ್ಲ. ಆ ದಿನ ಬೆಳಿಗ್ಗೆ ಪ್ರೊಫೆಸರರು ನನ್ನೆದುರೇ ಸಾದಾ ಗಂಟು ಹಾಕಿದ್ದರು. ಬೀಗದ ಕೈ ನನ್ನ ಜೇಬಿನಲ್ಲೇ ಇತ್ತು. ಹೆದರಿಕೆಯಾಯಿತು. ಚೀಲ ಮುಟ್ಟದೆ ಡಿಕ್ಕಿ ಮುಚ್ಚಿದೆ.

ವಾಪಸು ಬಂದ ಪ್ರೊಫೆಸರರು ಗಂಟು ನೋಡಿದರು. ಚೀಲ ಮುಟ್ಟಿದ್ದು ಯಾರು ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಾನಲ್ಲ ಎಂದೆ. ಕೀ ನಿನ್ನ ಹತ್ತಿರ ಮಾತ್ರ ಇರುವುದಲ್ಲವೇ ಎಂದರು. ಏರ್‌ಪೋರ್ಟಿನವರೆಗೂ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಕನ್ನಡಿಯಲ್ಲಿ ನನ್ನ ಮುಖವನ್ನೇ ನೋಡುತ್ತಾ ಕೂತರು.

ಅಲ್ಲಿ ಸಾಮಾನು ಹೊತ್ತು ನಾನೂ ಒಳಗೆ ಹೋದೆ. ಕಸ್ಟಮ್ಸಿನವನು ಚೀಲ ಬಿಚ್ಚಲು ಹೇಳಿದ. ಪ್ರೊಫೆಸರರು ಎಷ್ಟು ತಿಣುಕಿದರೂ ಗಂಟು ಸಡಿಲವಾಗಲಿಲ್ಲ. ಅವನು ಕತ್ತರಿ ತೆಗೆದ. ಸುಮ್ಮನಿದ್ದರೆ ನನಗೆ ಒಳ್ಳೆಯದಿತ್ತು, ಅದು ಗೊತ್ತೂ ಇತ್ತು. ಆದರೆ ಅಪ್ಪನ ಗಂಟಿಗೆ ಕತ್ತರಿ ಬೀಳುವುದನ್ನು ನನ್ನಿಂದ ನೋಡಲಾಗಲಿಲ್ಲ. ಮುಂದೆ ಹೋಗಿ ತುದಿ ಹಿಡಿದು ಎಳೆದೆ. ಒಂದೇ ಎಳೆತಕ್ಕೆ ಬಿಚ್ಚಿಕೊಂಡಿತು.

ಒಳಗೆ ಹತ್ತಿಯಲ್ಲಿ ಸುತ್ತಿದ ಹಲ್ಲಿಯ ಎಲುಬುಗಳಿದ್ದವು, ಬೇರೇನಿಲ್ಲ. ಅವರ ಮೇಲಿನ ನನ್ನ ಸಂಶಯ ಅಲ್ಲಿಗೆ ಮುಗಿಯಿತು. ಅವರು ಮಾತ್ರ ನನ್ನ ಕೈಗಳನ್ನೇ ನೋಡುತ್ತಿದ್ದರು. “ಹಾಗಾದರೆ ನೀನೇ” ಎಂದಷ್ಟೇ ಹೇಳಿ, ಅಲ್ಲಿಂದಲೇ ಅರಬಾಬ್‌ಗೆ ಫೋನ್ ಮಾಡಿದರು.

ತಿಂಗಳು ತುಂಬುವ ಮೊದಲೇ ಅರಬಾಬ್ ನನ್ನನ್ನು ಊರಿಗೆ ಕಳಿಸಿದ. ಕೆಲಸ ಹೋದ ಕಾರಣವನ್ನು ಅಮ್ಮನಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಅಮ್ಮ ಬಯ್ಯಲಿಲ್ಲ, ಅಳಲೂ ಇಲ್ಲ. “ಗಂಟು ಗಟ್ಟಿ ಇತ್ತಾ ಮಗಾ?” ಎಂದು ಕೇಳಿದರು.

ಇತ್ತು ಎಂದೆ. ಅದಕ್ಕಿಂತ ಹೆಚ್ಚು ನನಗೂ ಇಲ್ಲಿಯವರೆಗೆ ಗೊತ್ತಾಗಿಲ್ಲ.