ಆರ್ಲೋ ಹೌಗನ್‌ನ ಮೂರು ಚೀಟಿ

ನಮ್ಮ ಮೊಂಟಾನಾ ಕಣಿವೆಯಲ್ಲಿ ಬೇಟೆಯ ಕಾನೂನನ್ನು ಅರೆದು ಕುಡಿದವನೆಂದರೆ ಟ್ರ್ಯಾಕ್ಟರ್ ರಿಪೇರಿಯ ಆರ್ಲೋ ಹೌಗನ್. ಅವನನ್ನು ಕೇಳದೆ ಯಾರೂ ಗುಂಡು ಹಾರಿಸುತ್ತಿರಲಿಲ್ಲ. ಕೇಳಿದವರು ಹಾರಿಸಿದ್ದೂ ಕಡಿಮೆಯೇ. ಈ ಸಲ ಅವನ ಜೇಬಿನಲ್ಲಿ ಮೂರು ಪರವಾನಗಿ ಚೀಟಿಗಳಿದ್ದವು: ಹೊಳೆಯಾಚೆ ಗಂಡು ಎಲ್ಕ್ ಕಡವೆಗೊಂದು, ಈಚೆ ಹೆಣ್ಣಿಗೊಂದು, ಜಿಂಕೆಗೊಂದು. ಹೊಡೆದ ಪ್ರಾಣಿಗೆ ಅದರದೇ ಚೀಟಿ ಕಟ್ಟಬೇಕು.

ಬೆಳಗ್ಗೆ ಕೊಬ್ಬಿದ ಹೆಣ್ಣು ಕಡವೆಯೊಂದು ಹೊಳೆಯ ನಡುನೀರಿನಲ್ಲಿ ನಿಂತಿತು. ಆರ್ಲೋ ಬಂದೂಕು ಕೆಳಗಿಟ್ಟು ನಿಯಮದ ಪುಸ್ತಕ ತೆರೆದ.

"ತಾಳೇ ವರ್ನಾ, ನಡುನೀರು ಯಾವ ಕಡೆಗೆ ಸೇರುತ್ತೆ ನೋಡ್ತೀನಿ," ಎಂದ ಹೆಂಡತಿಗೆ.

ಹದಿನೇಳನೇ ಪುಟದಲ್ಲಿದ್ದಾಗ ಗುಂಡಿನ ಸದ್ದಾಯಿತು. ವರ್ನಾ ಈಚೆ ದಡದಲ್ಲಿ ಬಿದ್ದ ಕಡವೆಗೆ ಚೀಟಿ ಕಟ್ಟುತ್ತಿದ್ದಳು.

"ನಿಯಮ ನೋಡಿದ್ಯಾ?"

"ನನ್ ಹತ್ರ ಇರೋದು ಈಚೆ ದಡದ್ದು, ಒಂದೇ ಚೀಟಿ. ಅದು ಈ ದಡ ಹತ್ತೋವರೆಗೂ ಕಾದೆ. ಪುಸ್ತಕ ಮಡಚಿ ಹಿಂಗಾಲು ಹಿಡ್ಕೋ."