ಪ್ಯಾರಿಸ್ಸಿನಲ್ಲಿ ಸೀಟು ಹಿಡಿದದ್ದು

ನೀವು ನಂಬುವುದಿಲ್ಲ. ನಂಬಬೇಡಿ, ನನಗೇನು. ನಮ್ಮ ಕೊಟ್ಟೂರಿನಲ್ಲೇ ಅರ್ಧ ಜನ ನಂಬಿಲ್ಲ. ಇನ್ನರ್ಧ ಜನ ನಂಬಿದ ಹಾಗೆ ತಲೆಯಾಡಿಸಿ, ನನ್ನ ಚಹಾ ಕುಡಿದು ಹೋಗುತ್ತಾರೆ. ಆದರೆ ಪ್ಯಾರಿಸ್ ಪಟ್ಟಣದಲ್ಲಿ, ನೆಲದೊಳಗೆ ಓಡುವ ರೈಲಿನಲ್ಲಿ, ಟವಲ್ ಎಸೆದು ಸೀಟು ಹಿಡಿದ ಗಂಡಸು ಭೂಮಿಯ ಮೇಲೂ ಕೆಳಗೂ ನಾನೊಬ್ಬನೇ.

ತೊಂಬತ್ತರ ದಶಕದ ಕೊನೆಯ ಮಾತು. ನಮ್ಮ ನಂದಿಕೋಲು ಸಮಾಳದ ಮೇಳವನ್ನು ಅಲ್ಲಿನ ಯಾವುದೋ ಉತ್ಸವಕ್ಕೆ ಕರೆಸಿದ್ದರು. ನಂದಿಕೋಲು ಹೊರುವವನು ನಾನು. ಸಮಾಳ ಬಾರಿಸುವವರು ನನ್ನ ಬೀಗರು, ಅಂದರೆ ನನ್ನ ಸೊಸೆಯ ತಂದೆ. ಹರಪನಹಳ್ಳಿ ಕಡೆಯವರು, ಮಾತು ಕಮ್ಮಿ, ಸಿಟ್ಟು ಜಾಸ್ತಿ. ಅವರು ಬಾರಿಸುವ ಕೋಲುಗಳು ಎರಡು, ಒಂದು ಡೊಂಕು, ಒಂದು ನೆಟ್ಟಗಿನದು. ಅವರಪ್ಪ ಹಿಡಿದು ಸವೆಸಿದವು. ಬೇರೆ ಕೋಲು ಹಿಡಿದರೆ ಕೈಯೇ ಏಳುವುದಿಲ್ಲ ಅನ್ನುತ್ತಿದ್ದರು.

ಕಾರ್ಯಕ್ರಮದ ದಿನ ವಾದ್ಯಗಳೂ ಉಳಿದವರೂ ವ್ಯಾನಿನಲ್ಲಿ ಮೊದಲೇ ಹೋದರು. ನಮ್ಮಿಬ್ಬರಿಗೆ ಜಾಗ ಸಾಲಲಿಲ್ಲ. ‘ನಾವು ರೈಲಿಗೆ ಬರ್ತೀವಿ, ನನಗ ದಾರಿ ಗೊತ್ತೈತಿ’ ಎಂದು ನಾನು ಎದೆ ತಟ್ಟಿದೆ. ಹಿಂದಿನ ದಿನ ಅದೇ ರೈಲಿನಲ್ಲಿ ಒಮ್ಮೆ ಹೋಗಿ ಬಂದಿದ್ದೆ. ಪಂಡಿತನಾಗಲು ಅಷ್ಟು ಸಾಕಲ್ಲ. ನಾಲ್ಕಕ್ಕೆ ಸರಿಯಾಗಿ ಬೀಗರು ಸಮಾಳಕ್ಕೆ ಮೊದಲ ಪೆಟ್ಟು ಹಾಕಬೇಕಿತ್ತು. ಮೂರಕ್ಕೇ ಸ್ಟೇಷನ್ನಿಗೆ ಇಳಿದೆವು.

ಸಂತೆಯ ಹಾಗೆ ಜನ. ರೈಲು ಬಂತು, ಬಾಗಿಲು ತೆರೆಯಿತು, ಎದುರಿಗೇ ಒಂದು ಸೀಟು ಖಾಲಿ. ನನ್ನದು ಕೊಟ್ಟೂರು ಬಸ್‌ಸ್ಟ್ಯಾಂಡಿನಲ್ಲಿ ಪಳಗಿದ ಕೈ. ಹೆಗಲ ಟವಲ್ ಎಳೆದೆ. ಬರೀ ಟವಲ್ ನೆಟ್ಟಗೆ ಹಾರುವುದಿಲ್ಲ, ಒಳಗೆ ತೂಕ ಬೇಕು. ಊರಲ್ಲಾದರೆ ತೆಂಗಿನಕಾಯಿಯೋ ಚಪ್ಪಲಿಯೋ ಇಟ್ಟು ಸುತ್ತುತ್ತೇವೆ. ವ್ಯಾನಿಗೂ ಕೊಡದೆ ಬೀಗರು ಕೈಯಲ್ಲೇ ಹಿಡಿದಿದ್ದ ಕೋಲುಗಳನ್ನು ಕಸಿದು, ಸುತ್ತಿ, ಜನರ ತಲೆಯ ಮೇಲಿಂದ ಬೀಸಿದೆ. ಸೀಟಿನ ನಟ್ಟನಡುವೆ ಬಿತ್ತು. ಸೀಟು ನಮ್ಮದಾದ ಮೇಲೆ ಇನ್ನೇನು ಅವಸರ? ಇಳಿಯುವವರು ಇಳಿಯಲಿ, ಹತ್ತುವವರು ಹತ್ತಲಿ ಎಂದು ದೊಡ್ಡಸ್ತಿಕೆಯಿಂದ ಪಕ್ಕಕ್ಕೆ ನಿಂತೆ.

ಬಾಗಿಲು ಮುಚ್ಚಿತು. ರೈಲು ಹೋಯಿತು.

‘ಬೀಗ್ರ, ಸೀಟು ಸಿಕ್ತೇನ್ರಿ?’ ಎಂದರು ಅವರು, ಬಹಳ ಮೆಲ್ಲಗೆ.

‘ಸಿಕ್ಕೈತ್ರಿ.’

‘ಮತ್ತ ಗಾಡಿ ಎಲ್ಲೈತಿ?’

‘ಮುಂದ ಹೋಗೈತಿ.’

‘ನಮ್ಮಪ್ಪನ ಕೋಲು ಕುಂತ್ಗಂಡು ಹೊಂಟಾವು, ನಾವಿಲ್ಲಿ ನಿಂತೀವಿ. ನಾಲ್ಕಕ್ಕ ನಿಮ್ಮ ತಲಿ ಬಾರಿಸ್ಲೇನು?’

‘ಬಾರಿಸ್ರಿ. ಒಳಗ ಖಾಲಿ ಐತಿ, ನಾದ ಚಲೋ ಬರ್ತೈತಿ.’

ಅವರು ನಗಲಿಲ್ಲ. ತಮ್ಮ ಖಾಲಿ ಅಂಗೈ ನೋಡಿಕೊಂಡರು.

‘ಹಡಗಲಿಗೆ ಹೋದ ಬಸ್ಸು ತಿರುಗಿ ಕೊಟ್ಟೂರಿಗೆ ಬರಂಗಿಲ್ಲೇನ್ರಿ? ಇದೂ ಬರ್ತೈತಿ. ಆಚಿ ಕಡಿ ನಿಂದ್ರೋಣ ಬರ್ರಿ’ ಎಂದೆ.

‘ನಿಂದ್ರೋದೊಂದ ಬರ್ತೈತಿ ನಿಮಗ.’

ಮೆಟ್ಟಿಲು ಹತ್ತಿ ಇಳಿದು ಎದುರು ಪ್ಲಾಟ್‌ಫಾರ್ಮಿಗೆ ಹೋದೆವು. ಬಂದ ರೈಲಿಗೆಲ್ಲ ಮುಂದಿನ ಡಬ್ಬಿಗಳಿಗೆ ನಾನು, ಹಿಂದಿನವಕ್ಕೆ ಅವರು, ಕಳೆದ ಕುರಿ ಹುಡುಕುವವರ ಹಾಗೆ ಇಣುಕಿದ್ದೇ ಇಣುಕಿದ್ದು. ಒಂದು ಹೋಯಿತು, ಇನ್ನೊಂದು ಹೋಯಿತು. ಗಡಿಯಾರ ಮೂರೂವರೆ ದಾಟಿತು. ಬೀಗರು ಬೆಂಚಿನ ಮೇಲೆ ಕೂತು, ಬರಿಗೈಯಲ್ಲಿ ಮೊಣಕಾಲು ಬಾರಿಸಿ ನೋಡಿ, ಬೇಡವೆಂದು ತಲೆಯಾಡಿಸಿದರು.

ಎಂಟನೆಯದೋ ಒಂಬತ್ತನೆಯದೋ ರೈಲು ಬಂತು. ಕಾಲಿಡಲು ಜಾಗವಿಲ್ಲದಷ್ಟು ಜನ ಜೋತುಬಿದ್ದು ನಿಂತಿದ್ದಾರೆ. ನಡುವೆ ಒಂದು ಸೀಟು, ಅದರ ಮೇಲೆ ನನ್ನ ಟವಲ್ಲು, ಒಳಗೆ ಕೋಲು. ಒಂದು ನರಪಿಳ್ಳೆಯೂ ಅದರ ಮೇಲೆ ಕೂತಿಲ್ಲ. ಟವಲ್ಲಿನ ಮರ್ಯಾದೆ ಪ್ಯಾರಿಸ್ಸಿಗೂ ಗೊತ್ತು ನೋಡಿ. ಬೀಗರು ಒಳಗೆ ನುಗ್ಗಿ ಗಂಟು ಎತ್ತಿಕೊಂಡು ಹೊರಗೆ ಹಾರಿದರು. ಮತ್ತೆ ಈಚೆ ಕಡೆಗೆ ಓಡಿ, ಸಿಕ್ಕ ರೈಲು ಹತ್ತಿ, ನಾಲ್ಕಕ್ಕೆ ಎರಡು ನಿಮಿಷವಿರುವಾಗ ವೇದಿಕೆ ಮುಟ್ಟಿದೆವು. ಅವತ್ತು ಅವರು ಬಾರಿಸಿದ ಪೆಟ್ಟಿಗೆ ನಂದಿಕೋಲು ನನ್ನನ್ನೇ ಹೊತ್ತು ಕುಣಿಸಿತು.

ಇದರಲ್ಲಿ ಒಂದೇ ಒಂದು ಸುಳ್ಳಿದೆ. ತಿರುಗಿ ಬಂದ ರೈಲಿನಲ್ಲಿ ಆ ಸೀಟು ಖಾಲಿ ಇರಲಿಲ್ಲ. ಒಬ್ಬ ಮುದುಕಿ ಕೂತಿದ್ದಳು, ಆ ಗಂಟನ್ನು ಎರಡೂ ಕೈಯಲ್ಲಿ ಮಡಿಲಿಗೆ ಒತ್ತಿಕೊಂಡು. ಕೊನೆಯ ಸ್ಟೇಷನ್ನಿನವರೆಗೆ ಹೋಗಿ, ಅಲ್ಲಿಂದ ತಿರುಗಿ ಬರುತ್ತ, ಕಿಟಕಿಗೆ ಮುಖವಿಟ್ಟು ನಮ್ಮ ತಲೆಯ ರುಮಾಲು ಹುಡುಕುತ್ತಿದ್ದಳು. ಯಾರಿಗೂ ಬಾಗದ ನನ್ನ ಬೀಗರು ಅಷ್ಟು ಜನರ ನಡುವೆ ಬಾಗಿ ಅವಳ ಪಾದ ಮುಟ್ಟಿದರು. ಇಷ್ಟು ವರ್ಷ ನಾನು ಅವಳನ್ನು ಕಥೆಯಿಂದ ಇಳಿಸಿಬಿಟ್ಟಿದ್ದೆ. ಅವಳಿದ್ದರೆ ಸೀಟು ಹಿಡಿದ ಕೀರ್ತಿ ಅವಳಿಗೇ ಹೋಗುತ್ತದೆ.